ಮಾಲು ತಗೋತಾರಾ, ಹುಡುಗರನ್ನ ತಗೋತಾರಾ?

ಪೀಣ್ಯದಲ್ಲಿ ನಮ್ಮ ಚಿಕ್ಕಪ್ಪನದೊಂದು ಚಿಕ್ಕ ವರ್ಕ್‌ಶಾಪ್ ಇದೆ. ನಾಲ್ಕು ಲೇತ್, ಎರಡು ಸಿಎನ್‌ಸಿ, ಎಂಟು ಜನ ಕೆಲಸಗಾರರು. ಮೊನ್ನೆ ಹಬ್ಬಕ್ಕೆ ಹೋದಾಗ ಊಟ ಮುಗಿಸಿ ಕೂತು, ಮೊಬೈಲ್ ನೋಡ್ತಾ ಹೇಳಿದೆ: “ಚಿಕ್ಕಪ್ಪ, ಇನ್ನೊಂದು ಫಾರಿನ್ ಕಂಪನಿ ಬರ್ತಿದೆಯಂತೆ. ಸಾವಿರಾರು ಕೋಟಿ ಬಂಡವಾಳವಂತೆ.”

ಅವರು ಎಲೆಗೆ ಸುಣ್ಣ ಸವರುತ್ತಾ, “ಬರಲಿ ಬಿಡು. ನಮ್ಮ ಹತ್ರ ಮಾಲು ತಗೋತಾರಾ, ಇಲ್ಲಾ ನಮ್ಮ ಹುಡುಗರನ್ನ ತಗೋತಾರಾ? ಅದನ್ನ ಹೇಳು” ಅಂದರು.

ತಮಾಷೆ ಅಂದುಕೊಂಡೆ. ಆಮೇಲೆ ಯೋಚಿಸಿದರೆ, ಅರ್ಥಶಾಸ್ತ್ರಜ್ಞರು ಹತ್ತಾರು ವರ್ಷಗಳಿಂದ ತಲೆ ಕೆಡಿಸಿಕೊಂಡಿರುವ ಪ್ರಶ್ನೆಯೂ ಇದೇ.

ವಿದೇಶಿ ಕಂಪನಿ ಬಂದರೆ ಅದರ ತಂತ್ರಜ್ಞಾನ, ಶಿಸ್ತು ಎಲ್ಲ ತಾನಾಗಿಯೇ ಅಕ್ಕಪಕ್ಕಕ್ಕೆ ಹರಡುತ್ತೆ ಅನ್ನೋದು ಸಾಮಾನ್ಯ ನಂಬಿಕೆ. ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋದ ಹಾಗೆ, ಸ್ಥಳೀಯ ಉದ್ಯಮಗಳ ಉತ್ಪಾದಕತೆಯೂ ಏರುತ್ತೆ ಅಂತ. ಉತ್ಪಾದಕತೆ ಅಂದ್ರೆ ಗಾಬರಿ ಬೇಡ. ಅದೇ ಜನ, ಅದೇ ಯಂತ್ರ, ಅದೇ ಕರೆಂಟ್ ಬಿಲ್ಲಿನಲ್ಲಿ ಎಷ್ಟು ಒಳ್ಳೆ ಮಾಲು ಹೊರಗೆ ಬರುತ್ತೆ ಅನ್ನೋ ಲೆಕ್ಕ, ಅಷ್ಟೇ.

ಏಟ್ಕೆನ್ ಮತ್ತು ಹ್ಯಾರಿಸನ್ ಎಂಬಿಬ್ಬರು ವೆನೆಜುವೆಲಾದ ಕಾರ್ಖಾನೆಗಳ 1976ರಿಂದ 1989ರವರೆಗಿನ ಲೆಕ್ಕ ಹಿಡಿದು ಕೂತರು. 1999ರಲ್ಲಿ ಪ್ರಕಟವಾದ ಅವರ ಅಧ್ಯಯನ ಆ ನಂಬಿಕೆಗೆ ತಣ್ಣೀರೆರಚಿತು. ವಿದೇಶಿ ಪಾಲು ಬಂದ ಕಾರ್ಖಾನೆಗಳೇನೋ ಸುಧಾರಿಸಿದ್ದವು, ಅದರಲ್ಲೂ ಚಿಕ್ಕವು. ಆದರೆ ಅದೇ ಮಾಲು ತಯಾರಿಸುತ್ತಿದ್ದ ಸ್ಥಳೀಯ ಕಾರ್ಖಾನೆಗಳ ಉತ್ಪಾದಕತೆ ಕುಸಿದಿತ್ತು.

ಯಾಕೆ? ನಿಮ್ಮ ಬೀದಿಯ ದರ್ಶಿನಿಯನ್ನೇ ನೆನಪು ಮಾಡಿಕೊಳ್ಳಿ. ಎದುರಿಗೆ ದೊಡ್ಡ ಹೋಟೆಲ್ ಬಂದು ಅರ್ಧ ಗಿರಾಕಿಗಳು ಅತ್ತ ಹೋದರು ಅನ್ನಿ. ಬಾಡಿಗೆ ಕಮ್ಮಿ ಆಗಲ್ಲ, ಭಟ್ಟರ ಸಂಬಳ ಕಮ್ಮಿ ಆಗಲ್ಲ. ದೋಸೆ ಮಾತ್ರ ಅರ್ಧಕ್ಕೆ ಇಳಿಯುತ್ತೆ. ಒಂದೊಂದು ದೋಸೆಯ ಮೇಲೂ ಖರ್ಚು ಏರುತ್ತೆ. ಭಟ್ಟರ ಕೈಗುಣ ಕೆಟ್ಟಿರುವುದಿಲ್ಲ, ಲೆಕ್ಕ ಕೆಟ್ಟಿರುತ್ತೆ.

ಹಾಗಾದ್ರೆ ಲಾಭವೇ ಇಲ್ವಾ? ಇದೆ, ಆದರೆ ಬೇರೆ ಬಾಗಿಲಿನಿಂದ ಬರುತ್ತೆ. ಸೋವಿಯತ್ ಒಕ್ಕೂಟದಿಂದ ಹೊರಬಂದ ಲಿಥುವೇನಿಯಾದ ಉದ್ಯಮಗಳ ಬಗ್ಗೆ ಬಿಯಾಟಾ ಯವೋರ್ಚಿಕ್ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲಾಭ ಕಂಡಿದ್ದು ವಿದೇಶಿ ಕಂಪನಿಯ ಪ್ರತಿಸ್ಪರ್ಧಿಗಳಲ್ಲಿ ಅಲ್ಲ, ಅದಕ್ಕೆ ಮಾಲು ಪೂರೈಸುವ ವಲಯಗಳಲ್ಲಿ. ಅದೂ ಸ್ಥಳೀಯರು ಪಾಲುದಾರರಾಗಿದ್ದ ಕಂಪನಿಗಳಿಂದ. ಪೂರ್ತಿ ವಿದೇಶಿ ಒಡೆತನದವುಗಳಿಂದ ಅಂಥ ಪರಿಣಾಮ ಕಾಣಲಿಲ್ಲ. ನಮ್ಮಲ್ಲಿ 1982ರಲ್ಲಿ ಸುಜುಕಿ 26% ಪಾಲು ತಗೊಂಡು ಮಾರುತಿಯ ಜೊತೆ ಸೇರಿದಾಗಲೂ, ಬಿಡಿಭಾಗಗಳನ್ನು ಹಂತಹಂತವಾಗಿ ಇಲ್ಲೇ ಮಾಡಿಸಬೇಕು ಅನ್ನೋ ಷರತ್ತು ಇತ್ತು. ಕಾರಿನ ಜೊತೆಗೆ ಬಿಡಿಭಾಗದ ಉದ್ಯಮವೂ ಬೆಳೆದದ್ದು ಹಾಗೆ.

ಚಿಕ್ಕಪ್ಪನಿಗೂ ಇದು ಅನುಭವದ ಮಾತು. ವಿದೇಶಿ ಕಾರು ಕಂಪನಿಗೆ ಮಾಲು ಕೊಡುವವರೊಬ್ಬರಿಂದ ಮೊದಲ ಸಲ ಬುಶ್‌ಗಳ ಆರ್ಡರ್ ಬಂತು. ಮೊದಲ ಲಾಟ್ ಪೂರ್ತಿ ರಿಜೆಕ್ಟ್! ಬಾಯಿಗೆ ಬಂದಂತೆ ಬೈದುಕೊಂಡರಂತೆ. ಆಮೇಲೆ ಅವರ ಇಂಜಿನಿಯರ್ ಒಬ್ಬ ಬಂದು, ಎರಡು ವಾರ ಶೆಡ್ಡಿನಲ್ಲೇ ನಿಂತು, ಯಾವ ಗಂಟೆಗೆ ಯಾವ ಯಂತ್ರ ಅಳತೆ ತಪ್ಪುತ್ತೆ ಅಂತ ಬರೆದಿಡೋದನ್ನ ಕಲಿಸಿದ. ಆ ಚಾರ್ಟ್ ಇವತ್ತಿಗೂ ಗೋಡೆ ಮೇಲಿದೆ. “ಇಪ್ಪತ್ತು ವರ್ಷ ಲೇತ್ ಓಡಿಸಿದ್ದೆ ಕಣೋ, ಯಂತ್ರದ ಮಾತು ಕೇಳಿಸಿಕೊಂಡಿದ್ದು ಆವಾಗಲೇ” ಅಂತಾರೆ.

ಇನ್ನು “ಹುಡುಗರನ್ನ ತಗೋತಾರಾ” ಅನ್ನೋ ಭಾಗ. ಮೂರು ವರ್ಷ ಕೈಹಿಡಿದು ಕಲಿಸಿದ ಹುಡುಗನೊಬ್ಬ ದೊಡ್ಡ ಕಂಪನಿ ಸೇರಿದ. ಸಂಬಳ ಡಬಲ್, ಬಸ್ಸು, ಕ್ಯಾಂಟೀನ್. ತಪ್ಪು ಅನ್ನೋಕಾಗುತ್ತಾ? ಆದರೆ ಅವನು ನಡೆಸ್ತಿದ್ದ ಸಿಎನ್‌ಸಿ ಒಂದು ತಿಂಗಳು ಸುಮ್ಮನೆ ನಿಂತಿತ್ತು.

ಜನ ಹೋಗೋದೂ ಯಾವಾಗಲೂ ನಷ್ಟವೇ ಅಲ್ಲ. 1979ರಲ್ಲಿ ಬಾಂಗ್ಲಾದೇಶದ ದೇಶ್ ಗಾರ್ಮೆಂಟ್ಸ್ ತನ್ನ 130 ಜನರನ್ನು ದಕ್ಷಿಣ ಕೊರಿಯಾದ ದೇವೂ ಕಂಪನಿಗೆ ತರಬೇತಿಗೆ ಕಳಿಸಿತು. ಕಲಿತು ಬಂದವರಲ್ಲಿ ಹೆಚ್ಚಿನವರು ಕೆಲವೇ ವರ್ಷಗಳಲ್ಲಿ ದೇಶ್ ಬಿಟ್ಟು, ಬೇರೆ ಗಾರ್ಮೆಂಟ್ಸ್‌ಗಳನ್ನು ಕಟ್ಟೋದಕ್ಕೆ, ನಡೆಸೋದಕ್ಕೆ ಹೋದರು. ದೇಶ್‌ಗೆ ಅದು ಪೆಟ್ಟು, ಬಾಂಗ್ಲಾದೇಶಕ್ಕೆ ಅದೇ ಬುನಾದಿ. ಕಲಿತವರು ಊರಿನ ಉದ್ಯಮದೊಳಗೇ ಓಡಾಡಿದರೆ ವಿದ್ಯೆ ಹರಡುತ್ತೆ. ಒಂದೇ ಕಾಂಪೌಂಡಿನೊಳಗೆ ಉಳಿದರೆ ಅಲ್ಲೇ ನಿಲ್ಲುತ್ತೆ.

ಹಾಗಾಗಿ ಮುಂದಿನ ಸಲ “ಇಷ್ಟು ಕೋಟಿ ಬಂಡವಾಳ” ಅನ್ನೋ ಸುದ್ದಿ ಓದಿದಾಗ ಚಿಕ್ಕಪ್ಪನ ಪ್ರಶ್ನೆ ಕೇಳಿ ನೋಡಿ. ನಿಮ್ಮಲ್ಲಿ ಎಷ್ಟೋ ಜನ ಅಂಥ ಕಂಪನಿಗಳಲ್ಲೇ ಇದ್ದೀರಿ. ಪರ್ಚೇಸ್, ಕ್ವಾಲಿಟಿ, ಅಕೌಂಟ್ಸ್ ನಿಮ್ಮ ಕೈಲಿದ್ದರೆ ಒಂದು ಮಾತು: ಮಾಲು ರಿಜೆಕ್ಟ್ ಮಾಡಿ, ತಪ್ಪಿಲ್ಲ, ಯಾಕೆ ಅಂತಲೂ ಹೇಳಿಕೊಡಿ. ಬಿಲ್ ತಡ ಮಾಡಬೇಡಿ. ಕಿರು ಮತ್ತು ಸಣ್ಣ ಉದ್ಯಮಗಳ ಮಾಲು ಒಪ್ಪಿಕೊಂಡ ಮೇಲೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು ಅನ್ನುತ್ತೆ 2006ರ ಕಾಯ್ದೆ.

ಇದನ್ನ ಚಿಕ್ಕಪ್ಪನಿಗೆ ಓದಿ ಹೇಳಿದೆ. “45 ದಿನಾನಾ?” ಅಂತ ನಕ್ಕರು. ಅವರ ಮೇಜಿನ ಡ್ರಾಯರ್‌ನಲ್ಲಿ ನೂರು ದಿನ ದಾಟಿದ ಬಿಲ್ಲುಗಳಿದ್ದವು.