ಶಸ್ತ್ರಕ್ಕೆ ನಿಲುಕದ ಗಡ್ಡೆ

ಬಾಸ್ಟನ್ ನಗರದ ಅಂಚಿನ ವೆಸ್ಟ್ ರಾಕ್ಸ್‌ಬರಿಯಲ್ಲಿ ಮಾಜಿ ಸೈನಿಕರಿಗಾಗಿ ಅಮೆರಿಕ ಸರಕಾರ ನಡೆಸುವ ಆಸ್ಪತ್ರೆಯೊಂದಿದೆ. 1968ನೆಯ ಇಸವಿಯಲ್ಲಿ 63 ವರ್ಷ ವಯಸ್ಸಿನ ಮುದುಕನೊಬ್ಬ ಹೊಟ್ಟೆನೋವೆಂದು ಅಲ್ಲಿಗೆ ಬಂದ. ರೋಗ ದೊಡ್ಡದೇನಲ್ಲ, ಪಿತ್ತಕೋಶ ಕೆಟ್ಟಿತ್ತು, ಅದನ್ನು ತೆಗೆದುಹಾಕಿದರೆ ಸರಿಹೋಗುವಂಥದು. ಆತನನ್ನು ಪರೀಕ್ಷಿಸಿದ ಶಸ್ತ್ರವೈದ್ಯ ಸ್ಟೀವನ್ ರೋಸೆನ್‌ಬರ್ಗ್ ಅವರಿಗೆ ಆಗ ಇನ್ನೂ ಮೂವತ್ತು ತುಂಬಿರಲಿಲ್ಲ. ಹಿಂದೆ ಏನಾದರೂ ಕಾಯಿಲೆ ಆಗಿತ್ತೆ ಎಂದು ವಾಡಿಕೆಯಂತೆ ಅವರು ಕೇಳಿದರು. ಹನ್ನೆರಡು ವರ್ಷಗಳ ಹಿಂದೆ ತನಗೆ ಜಠರದಲ್ಲಿ ಕ್ಯಾನ್ಸರ್ ಆಗಿತ್ತೆಂದೂ, ವೈದ್ಯರು ಹೊಟ್ಟೆ ಕೊಯ್ದು ನೋಡಿ ಕೈಚೆಲ್ಲಿ ಮನೆಗೆ ಕಳುಹಿಸಿದ್ದರೆಂದೂ ಮುದುಕ ನಿರಾತಂಕವಾಗಿ ಹೇಳಿದ.

ರೋಸೆನ್‌ಬರ್ಗ್ ನಂಬಲಿಲ್ಲ. ಹಳೆಯ ಕಡತಗಳನ್ನು ತರಿಸಿದರು. ಮುದುಕನ ಮಾತಿನಲ್ಲಿ ಸುಳ್ಳಿರಲಿಲ್ಲ. ಜಠರದ ಗಡ್ಡೆಯನ್ನು ಕೊಯ್ದು ತೆಗೆದಿದ್ದರೂ ಯಕೃತ್ತಿಗೆ ಹರಡಿದ್ದ ಗಡ್ಡೆಗಳನ್ನು ಹಾಗೆಯೇ ಬಿಟ್ಟು ಹೊಲಿದುಬಿಟ್ಟಿದ್ದರು. ಅಂದು ತೆಗೆದಿಟ್ಟಿದ್ದ ಅಂಗಾಂಶವನ್ನು ಮತ್ತೊಮ್ಮೆ ಸೂಕ್ಷ್ಮದರ್ಶಕದಡಿಯಲ್ಲಿ ಪರೀಕ್ಷಿಸಿದ್ದಾಯಿತು. ಅದು ಕ್ಯಾನ್ಸರೇ, ಅನುಮಾನವಿಲ್ಲ. ಪಿತ್ತಕೋಶವನ್ನು ತೆಗೆಯುವ ದಿನ ರೋಸೆನ್‌ಬರ್ಗ್ ರೋಗಿಯ ಯಕೃತ್ತನ್ನು ಕೈಯಿಂದ ತಡವಿ ತಡವಿ ನೋಡಿದರು. ಎಲ್ಲಿಯೂ ಒಂದು ಗಂಟು ಕೈಗೆ ತಗುಲಲಿಲ್ಲ. ಔಷಧವಿಲ್ಲದೆ, ಪಥ್ಯವಿಲ್ಲದೆ, ಕುಡಿತವನ್ನಾಗಲಿ ಸಿಗರೇಟನ್ನಾಗಲಿ ಬಿಡದೆ ಬದುಕಿದ ಮನುಷ್ಯನ ದೇಹದಲ್ಲಿ ಕ್ಯಾನ್ಸರ್ ತಾನಾಗಿಯೇ ಕರಗಿಹೋಗಿತ್ತು.

ಇಂಥ ಸಂಗತಿ ವೈದ್ಯಗ್ರಂಥಗಳಿಗೆ ತೀರ ಹೊಸತೇನೂ ಅಲ್ಲ. ನ್ಯೂಯಾರ್ಕಿನಲ್ಲಿ ವಿಲಿಯಂ ಕೋಲಿ ಎಂಬ ಶಸ್ತ್ರವೈದ್ಯರಿದ್ದರು. ಕೊರಳಲ್ಲಿ ಗಡ್ಡೆಯಿದ್ದ ರೋಗಿಯೊಬ್ಬನಿಗೆ ಚರ್ಮವನ್ನು ಕೆಂಪಾಗಿಸುವ ವಿಷಮ ಸೋಂಕು ತಗುಲಿ, ಜ್ವರ ಬಂದು ಹೋದಾಗ ಗಡ್ಡೆಯೂ ಹೋಯಿತೆಂಬುದನ್ನು ಅವರು ಆಸ್ಪತ್ರೆಯ ದಾಖಲೆಗಳಲ್ಲಿ ಓದಿದರು. ಆ ಮನುಷ್ಯನನ್ನು ಊರೆಲ್ಲ ಹುಡುಕಿ ಪತ್ತೆ ಹಚ್ಚಿ, 1891ರಿಂದ ರೋಗಿಗಳಿಗೆ ಬೇಕೆಂದೇ ಆ ಸೋಂಕಿನ ರೋಗಾಣುಗಳನ್ನು ಚುಚ್ಚತೊಡಗಿದರು. ಕೆಲವರು ಗುಣವಾದರು, ಕೆಲವರು ಸತ್ತರು. ಯಾರಿಗೆ ಏಕೆ ಗುಣವಾಯಿತೆಂದು ಹೇಳುವ ವಿದ್ಯೆ ಆ ಕಾಲಕ್ಕೆ ಹುಟ್ಟಿರಲಿಲ್ಲ. ಅಷ್ಟರಲ್ಲಿ ಎಕ್ಸ್‌-ಕಿರಣ ಬಂತು, ರೇಡಿಯಂ ಬಂತು. ಕೋಲಿಯವರ ಪ್ರಯೋಗ ಮೂಲೆಗುಂಪಾಯಿತು.

ರೋಸೆನ್‌ಬರ್ಗ್ ಹುಟ್ಟಿದ್ದು 1940ರಲ್ಲಿ, ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ. ಪೋಲೆಂಡಿನಿಂದ ವಲಸೆ ಬಂದ ಯಹೂದಿ ಕುಟುಂಬ. ಯುದ್ಧ ಮುಗಿದ ಮೇಲೆ ಯೂರೋಪಿನಿಂದ ಒಂದೊಂದಾಗಿ ಬಂಧುಗಳ ಸಾವಿನ ಸುದ್ದಿ ಮನೆಗೆ ಬರುತ್ತಿದ್ದುದನ್ನು ಕಂಡ ಬಾಲಕ ಅವರು. ಕೊಲ್ಲುವವರ ಲೋಕದಲ್ಲಿ ತಾನು ಬದುಕಿಸುವವನಾಗಬೇಕೆಂಬ ಹಟ ಅಲ್ಲಿಂದಲೇ ಮೊಳೆಯಿತೆಂದು ಅವರೇ ಹೇಳಿಕೊಂಡಿದ್ದಾರೆ. ಶಸ್ತ್ರವಿದ್ಯೆಯ ಜೊತೆಗೆ ಜೈವಿಕ ಭೌತವಿಜ್ಞಾನದಲ್ಲಿಯೂ ಹಾರ್ವರ್ಡಿನ ಡಾಕ್ಟರೇಟು ಪಡೆದರು. ಆ ಮುದುಕ ಮನೆಗೆ ಮರಳಿದರೂ ವೈದ್ಯರ ತಲೆಯಿಂದ ಹೊರಡಲಿಲ್ಲ. ಅವನ ರಕ್ತದಲ್ಲಿ ಕ್ಯಾನ್ಸರನ್ನು ಕೊಲ್ಲುವಂಥದು ಏನೋ ಇದ್ದಿರಬೇಕೆಂದು ಊಹಿಸಿ, ಜಠರದ ಕ್ಯಾನ್ಸರಿನಿಂದಲೇ ಸಾಯುತ್ತಿದ್ದ ಮತ್ತೊಬ್ಬ ರೋಗಿಗೆ ಅನುಮತಿ ಪಡೆದು ಆ ರಕ್ತವನ್ನು ಕೊಟ್ಟು ನೋಡಿದರು. ಏನೂ ಆಗಲಿಲ್ಲ, ಆ ರೋಗಿ ತೀರಿಕೊಂಡ. ಪ್ರಯೋಗ ಒರಟು, ನಿಜ. ಪ್ರಶ್ನೆ ಮಾತ್ರ ಒರಟಲ್ಲ.

ನಮ್ಮ ರಕ್ತದಲ್ಲಿರುವ ಬಿಳಿಯ ಕಣಗಳಲ್ಲಿ ಲಿಂಫೋಸೈಟ್ ಎಂಬ ಒಂದು ಜಾತಿಯಿದೆ. ಊರಿನ ತಳವಾರನಂತೆ ಅದು ಸದಾ ಗಸ್ತು ತಿರುಗುತ್ತಿರುತ್ತದೆ. ಹೊರಗಿನಿಂದ ಬಂದ ರೋಗಾಣುವನ್ನು ಕಂಡ ಕೂಡಲೇ ಹಿಡಿಯುತ್ತದೆ. ಆದರೆ ಕ್ಯಾನ್ಸರ್ ಹೊರಗಿನವನಲ್ಲ. ಅದು ಮನೆಯ ಮಗನೇ ಕಳ್ಳನಾದ ಬಗೆ. ನಮ್ಮದೇ ಜೀವಕೋಶ ದಾರಿ ತಪ್ಪಿ, ಮಿತಿಯಿಲ್ಲದೆ ಬೆಳೆದು ಗಡ್ಡೆಯಾಗುತ್ತದೆ. ಅದರ ಮುಖಲಕ್ಷಣದಲ್ಲಿ ಆಗಿರುವ ಬದಲಾವಣೆ ಬಹಳ ಸಣ್ಣದು. ಅದನ್ನು ಗುರುತಿಸಬಲ್ಲ ತಳವಾರರು ಕೆಲವರೇ. ಗುರುತಿಸಿದರೂ ಸಂಖ್ಯೆ ಸಾಲದೆ ಸೋಲುತ್ತಾರೆ. ಹಾಗಾದರೆ ಅವರನ್ನು ಹೊರಗೆ ತಂದು, ಮೇವು ಹಾಕಿ ಬೆಳೆಸಿ, ದಂಡು ಕಟ್ಟಿ ಒಳಗೆ ಕಳುಹಿಸಬಾರದೇಕೆ?

1974ರಲ್ಲಿ ರೋಸೆನ್‌ಬರ್ಗ್ ಬೆಥೆಸ್ಡಾದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಶಸ್ತ್ರವಿಭಾಗಕ್ಕೆ ಮುಖ್ಯಸ್ಥರಾಗಿ ಬಂದಾಗ ಈ ಪ್ರಶ್ನೆಗೆ ದೊಡ್ಡ ಅಡ್ಡಿಯೊಂದಿತ್ತು. ಲಿಂಫೋಸೈಟುಗಳು ದೇಹದ ಹೊರಗೆ ಹೆಚ್ಚು ಕಾಲ ಬದುಕುತ್ತಿರಲಿಲ್ಲ. 1976ರಲ್ಲಿ ಅದೇ ಸಂಸ್ಥೆಯ ರಾಬರ್ಟ್ ಗ್ಯಾಲೊ ಅವರ ಪ್ರಯೋಗಶಾಲೆಯಲ್ಲಿ ಅವುಗಳನ್ನು ಬೆಳೆಸಬಲ್ಲ ಒಂದು ರಸ ಪತ್ತೆಯಾಯಿತು. ಇಂಟರ್‌ಲ್ಯೂಕಿನ್-2 ಎಂದು ಅದಕ್ಕೆ ಆಮೇಲೆ ಹೆಸರಾಯಿತು. ಮೊದಮೊದಲು ಅದು ಸಿಗುತ್ತಿದ್ದುದು ಬಿಂದುಮಾತ್ರ. 1983ರಲ್ಲಿ ಜಪಾನಿನ ತಾದತ್ಸುಗು ತನಿಗುಚಿ ಅದರ ವಂಶವಾಹಿಯನ್ನು ಪ್ರತ್ಯೇಕಿಸಿದ ಮೇಲೆ, ಅದನ್ನು ಬ್ಯಾಕ್ಟೀರಿಯದೊಳಗೆ ಸೇರಿಸಿ ಬೇಕಾದಷ್ಟು ತಯಾರಿಸುವುದು ಸಾಧ್ಯವಾಯಿತು.

ಇಲಿಗಳಲ್ಲಿ ಗಡ್ಡೆ ಕರಗಿತು. ಮನುಷ್ಯರಲ್ಲಿ ಕರಗಲಿಲ್ಲ. ಬೇರೆ ದಾರಿಯೇ ಉಳಿಯದ 66 ಮಂದಿ ರೋಗಿಗಳಿಗೆ ಒಂದೊಂದು ಬಗೆಯಾಗಿ, ಒಂದೊಂದು ಪ್ರಮಾಣದಲ್ಲಿ ಚಿಕಿತ್ಸೆ ಮಾಡಿದ್ದಾಯಿತು. ಒಬ್ಬರಿಗೂ ಫಲ ಕಾಣಲಿಲ್ಲ. ಅರವತ್ತಾರು ಎಂದು ಬರೆಯುವುದು ಸುಲಭ. ಅರವತ್ತಾರು ಮನೆಯವರಿಗೆ ಒಂದೇ ಉತ್ತರ ಹೇಳಿ ಬಂದ ವೈದ್ಯ ಮಾರನೆಯ ಬೆಳಿಗ್ಗೆ ಮತ್ತೆ ಪ್ರಯೋಗಶಾಲೆಯ ಬಾಗಿಲು ತೆರೆಯುವುದು ಧೈರ್ಯವೋ ಮೊಂಡುತನವೋ, ಆ ಹೊತ್ತಿಗೆ ಯಾರು ಬಲ್ಲರು? ಫಲ ಬಂದ ಮೇಲೆ ಧೈರ್ಯವೆನ್ನುವುದು ಲೋಕರೂಢಿ.

1984ರ ಕೊನೆಯಲ್ಲಿ ಅಮೆರಿಕದ ನೌಕಾಪಡೆಯ ಅಧಿಕಾರಿಣಿಯೊಬ್ಬರು ಬಂದರು. ವಯಸ್ಸು 33. ಕರಿಯ ಮಚ್ಚೆಯಂತೆ ಚರ್ಮದಲ್ಲಿ ಹುಟ್ಟಿ ಮೈಯೆಲ್ಲ ಹಬ್ಬುವ ಮೆಲನೋಮ ಅವರಿಗೆ ಆಗಿತ್ತು; ಬೇರೆ ಚಿಕಿತ್ಸೆಗಳೆಲ್ಲ ಸೋತಿದ್ದವು. ಇಂಟರ್‌ಲ್ಯೂಕಿನ್ನನ್ನು ಹಿಂದೆ ಯಾರಿಗೂ ಕೊಡದಷ್ಟು ದೊಡ್ಡ ಪ್ರಮಾಣದಲ್ಲಿ, ಪ್ರಯೋಗಶಾಲೆಯಲ್ಲಿ ಹದಗೊಳಿಸಿದ ಅವರದೇ ಬಿಳಿಯ ಕಣಗಳ ಜೊತೆಗೆ, ನರದೊಳಗೆ ಹರಿಯಿಸಿದರು. ಆ ಔಷಧ ಸೌಮ್ಯವಾದುದಲ್ಲ. ರಕ್ತನಾಳಗಳಿಂದ ನೀರು ಒಸರಿ ಮೈ ಊದಿಕೊಳ್ಳುತ್ತದೆ, ರಕ್ತದ ಒತ್ತಡ ಕುಸಿಯುತ್ತದೆ, ಶ್ವಾಸಕೋಶ ತುಂಬಿ ಉಸಿರು ಕಟ್ಟುತ್ತದೆ. ಆಕೆ ಅದನ್ನು ದಾಟಿ ಬಂದರು. ವಾರಗಳು ಕಳೆದಂತೆ ಗಡ್ಡೆಗಳು ಮೆತ್ತಗಾದವು, ಕುಗ್ಗಿದವು, ಮಾಯವಾದವು. ಮೂರು ದಶಕಗಳ ಬಳಿಕವೂ ಅವು ಮರಳಿರಲಿಲ್ಲ.

1985ರ ಡಿಸೆಂಬರಿನಲ್ಲಿ 25 ರೋಗಿಗಳ ವರದಿ ಪ್ರಕಟವಾಯಿತು. 11 ಮಂದಿಯಲ್ಲಿ ಗಡ್ಡೆ ಅರ್ಧಕ್ಕಿಂತ ಹೆಚ್ಚು ಕುಗ್ಗಿತ್ತು. ಪೂರ್ತಿ ಮಾಯವಾದದ್ದು ಒಬ್ಬರಲ್ಲಿ. ಪತ್ರಿಕೆಗಳು ಕ್ಯಾನ್ಸರ್ ಗೆದ್ದೇಬಿಟ್ಟಿತೆಂಬಂತೆ ಡಂಗುರ ಹೊಡೆದವು. ಅದೇ ವರ್ಷ ಜುಲೈಯಲ್ಲಿ ಅಧ್ಯಕ್ಷ ರೀಗನ್ನರ ದೊಡ್ಡಕರುಳಿನ ಶಸ್ತ್ರಕ್ರಿಯೆ ಮಾಡಿದ ತಂಡದಲ್ಲಿದ್ದು, ಅಧ್ಯಕ್ಷರಿಗೆ ಕ್ಯಾನ್ಸರ್ ಇದೆಯೆಂದು ಸುತ್ತುಬಳಸಿಲ್ಲದೆ ಪತ್ರಕರ್ತರೆದುರು ಹೇಳಿದ್ದವರೂ ಈ ರೋಸೆನ್‌ಬರ್ಗರೇ. ಹೀಗಾಗಿ ಮುಖ ಜನಕ್ಕೆ ಪರಿಚಿತವಾಗಿತ್ತು. ಡಂಗುರದ ಸದ್ದು ಅಡಗಿದ ಮೇಲೆ ಉಳಿದ ಲೆಕ್ಕವೇ ನಿಜವಾದ ಲೆಕ್ಕ. ಮೂತ್ರಪಿಂಡದ ಕ್ಯಾನ್ಸರಿಗೆ 1992ರಲ್ಲಿ, ಮೆಲನೋಮಕ್ಕೆ 1998ರಲ್ಲಿ ಈ ಔಷಧಕ್ಕೆ ಮನ್ನಣೆ ದೊರೆಯಿತು. ಮೆಲನೋಮದ 270 ರೋಗಿಗಳಲ್ಲಿ ಗುಣ ಕಂಡದ್ದು ನೂರಕ್ಕೆ 16 ಮಂದಿಗೆ; ಗಡ್ಡೆ ಪೂರ್ತಿ ಹೋದದ್ದು ನೂರಕ್ಕೆ 6 ಮಂದಿಗೆ. ಅಲ್ಪವೇ, ಸರಿ. ಆದರೆ ಆ ಆರು ಮಂದಿಯಲ್ಲಿ ಬಹುಪಾಲು ಜನಕ್ಕೆ ರೋಗ ಮತ್ತೆ ಬರಲಿಲ್ಲವೆಂಬುದು ಹಿಂದೆ ಕೇಳಿರದ ಮಾತು.

ಉಳಿದವರಿಗೆ ಏಕಿಲ್ಲ? ರೋಸೆನ್‌ಬರ್ಗರ ಅತ್ಯಂತ ಸೊಗಸಾದ ಕೆಲಸ ಇಲ್ಲಿಂದ ಮುಂದಿನದು. ರಕ್ತದಲ್ಲಿ ತಿರುಗುವ ಲಿಂಫೋಸೈಟುಗಳಲ್ಲಿ ಕ್ಯಾನ್ಸರನ್ನು ಗುರುತಿಸುವಂಥವು ಎಲ್ಲೋ ಒಂದೆರಡು. ಗಡ್ಡೆಯ ಒಳಗೇ ನುಗ್ಗಿ ಕುಳಿತಿರುವ ಲಿಂಫೋಸೈಟುಗಳಾದರೋ ಕಳ್ಳನನ್ನು ಆಗಲೇ ಗುರುತಿಸಿದವು. ಗುರುತಿಸಿದ್ದರಿಂದಲೇ ಅಲ್ಲಿಗೆ ಬಂದವು. ಗಡ್ಡೆಯನ್ನು ಕೊಯ್ದು, ಚೂರು ಮಾಡಿ, ಅದರೊಳಗಿನ ಈ ಕಣಗಳನ್ನು ಸಾವಿರಾರು ಕೋಟಿಯಾಗಿ ಬೆಳೆಸಿ ಅದೇ ರೋಗಿಗೆ ಮರಳಿಸಿದರು. 1988ರಲ್ಲಿ ಪ್ರಕಟವಾದ ಮೊದಲ ವರದಿಯಲ್ಲಿ 20 ಮಂದಿಯ ಪೈಕಿ 11 ಮಂದಿಗೆ ಗುಣ ಕಂಡಿತ್ತು. ಆದರೆ ಹಲವರಲ್ಲಿ ಅದು ಕೆಲವೇ ತಿಂಗಳ ಸುಖ. ಒಳಗೆ ಹೋದ ದಂಡು ಬೇಗನೆ ಕಣ್ಮರೆಯಾಗುತ್ತಿತ್ತು. ಪಂಕ್ತಿಯಲ್ಲಿ ಕೆಲಸವಿಲ್ಲದವರೇ ತುಂಬಿ ಕುಳಿತಿದ್ದರೆ ದುಡಿದು ಬಂದವನಿಗೆ ಎಲೆ ಸಿಗುವುದೆ? ರೋಗಿಯ ಸ್ವಂತ ಲಿಂಫೋಸೈಟುಗಳನ್ನು ಔಷಧದಿಂದ ಮೊದಲು ತೆರವು ಮಾಡಿ, ಆಮೇಲೆ ಹೊಸ ದಂಡನ್ನು ಇಳಿಸಿದರು. 2002ರಲ್ಲಿ ಹೀಗೆ ಚಿಕಿತ್ಸೆ ಪಡೆದ 13 ಮಂದಿಯಲ್ಲಿ 6 ಮಂದಿಗೆ ಗಡ್ಡೆ ಕುಗ್ಗಿತು. 2011ರ ವರದಿಯ ಹೊತ್ತಿಗೆ 93 ಮೆಲನೋಮ ರೋಗಿಗಳಲ್ಲಿ 20 ಮಂದಿಗೆ ರೋಗ ಪೂರ್ತಿ ಹೋಗಿತ್ತು. ಅವರಲ್ಲಿ 19 ಮಂದಿಗೆ ಮೂರು ವರ್ಷ ಕಳೆದರೂ ಮರುಕಳಿಸಿರಲಿಲ್ಲ.

ಗುರುತಿಸುವ ಕಣಗಳೇ ಸಿಗದ ರೋಗಗಳಿಗೆ, ಸಿಕ್ಕ ಲಿಂಫೋಸೈಟಿಗೆ ಹೊಸ ವಂಶವಾಹಿ ಸೇರಿಸಿ ಕಣ್ಣು ಕೊಡುವ ಇನ್ನೊಂದು ಮಾರ್ಗವೂ ಬೆಳೆಯಿತು. ಅದರ ಹೆಸರು ಕಾರ್-ಟಿ. ಈ ಕಣಗಳಿಂದ ಲಿಂಫೋಮ ರೋಗಿಯೊಬ್ಬನಲ್ಲಿ ಗಡ್ಡೆ ಕುಗ್ಗಿದ್ದನ್ನು ರೋಸೆನ್‌ಬರ್ಗರ ತಂಡ 2010ರಲ್ಲಿ ವರದಿ ಮಾಡಿತು. ಇದೇ ಜಾತಿಯ ಚಿಕಿತ್ಸೆಯೊಂದನ್ನು ಮುಂಬಯಿಯ ಐ.ಐ.ಟಿ. ಮತ್ತು ಟಾಟಾ ಸ್ಮಾರಕ ಆಸ್ಪತ್ರೆಗಳು ಸೇರಿ ಇಲ್ಲಿಯೇ ರೂಪಿಸಿದವು; 2023ರಲ್ಲಿ ಸರಕಾರದ ಅನುಮತಿ ಸಿಕ್ಕಿತು. ಅಮೆರಿಕದ ಬೆಲೆಯ ಸುಮಾರು ಹತ್ತರಲ್ಲೊಂದು ಪಾಲಿಗೆ ಎಂಬುದು ಹೆಮ್ಮೆಯ ಸಂಗತಿಯೇ. ಆ ಒಂದು ಪಾಲೂ ಸಂಬಳದಲ್ಲಿ ಬದುಕುವ ಮನೆಗೆ ನಿಲುಕದಷ್ಟು ದೊಡ್ಡದೆಂಬುದೂ ಅಷ್ಟೇ ನಿಜ.

ಗಡ್ಡೆಯೊಳಗಿನ ಕಣಗಳ ಚಿಕಿತ್ಸೆಗೆ ಅಮೆರಿಕದಲ್ಲಿ ಮನ್ನಣೆ ದೊರೆತದ್ದು 2024ರ ಫೆಬ್ರುವರಿಯಲ್ಲಿ, ಮೆಲನೋಮಕ್ಕೆ ಮಾತ್ರ. ಆಗ ಗೊತ್ತುಪಡಿಸಿದ್ದ ಬೆಲೆ 5 ಲಕ್ಷದ 15 ಸಾವಿರ ಡಾಲರು. ಮುದುಕನ ಯಕೃತ್ತನ್ನು ತಡವಿ ನೋಡಿದ ದಿನದಿಂದ ಅಲ್ಲಿಗೆ 56 ವರ್ಷ ಸಂದಿದ್ದವು. ಶಸ್ತ್ರವೈದ್ಯ ಈ ಚಿಕಿತ್ಸೆಯಲ್ಲಿಯೂ ಗಡ್ಡೆಯನ್ನು ಕೊಯ್ಯುತ್ತಾನೆ. ಆದರೆ ಕೊಯ್ದ ತುಣುಕನ್ನು ಯಾರೂ ಎಸೆಯುವುದಿಲ್ಲ. ಅದನ್ನು ಜೋಪಾನವಾಗಿ ಕರಂಡಕದಲ್ಲಿಟ್ಟು, ರೋಗಿಯ ಹೆಸರಿನ ಚೀಟಿ ಅಂಟಿಸಿ, ಪ್ರಯೋಗಶಾಲೆಗೆ ಕಳುಹಿಸುತ್ತಾರೆ. ಇಪ್ಪತ್ತೆರಡು ದಿನ ಅದರೊಳಗಿನ ಕಣಗಳು ಬೆಳೆಯುತ್ತವೆ, ರೋಗಿಯ ಮನೆಯವರು ಕಾಯುತ್ತಾರೆ.