ಪಡೆಗೊಂದು ಬಣ್ಣ, ಬೊಕ್ಕಸಕ್ಕೆ ಕನ್ನ

ಯೋಧನು ಧರಿಸುವ ಕ್ಯಾಮೊಫ್ಲಾಜ್ ಸಮವಸ್ತ್ರದ ಉದ್ದೇಶ ಆತ ಶತ್ರುವಿನ ಕಣ್ಣಿಗೆ ಬೀಳದಂತೆ ಮಾಡುವುದು. ಕಾಡಿಗೆ ಒಂದು, ಮರಳುಗಾಡಿಗೆ ಇನ್ನೊಂದು ಬಣ್ಣ ಬೇಕೆಂಬುದು ಅರ್ಥವಾಗುವ ಮಾತು. ಆದರೆ ಒಂದೇ ರಣರಂಗದಲ್ಲಿ ಒಂದೇ ಶತ್ರುವಿನೆದುರು ನಿಲ್ಲುವ ಒಂದೇ ದೇಶದ ಯೋಧರಿಗೆ ಪಡೆಗೊಂದು ಬಣ್ಣ ಏಕೆ ಬೇಕು? ರಕ್ಷಣೆಗೆ ಜಗತ್ತಿನಲ್ಲೇ ಅತಿ ಹೆಚ್ಚು ವೆಚ್ಚ ಮಾಡುವ ಅಮೆರಿಕ ಈ ಸರಳ ಪ್ರಶ್ನೆಯನ್ನು ಗಂಭೀರವಾಗಿ ಕೇಳಿಕೊಳ್ಳಲು ಒಂದು ದಶಕವನ್ನೇ ತೆಗೆದುಕೊಂಡಿತು.

2002ಕ್ಕೆ ಮುನ್ನ ಅಲ್ಲಿನ ನಾಲ್ಕೂ ಪಡೆಗಳು ಕಾಡು ಮತ್ತು ಮರುಭೂಮಿಗೆಂದು ರೂಪಿಸಿದ ಎರಡು ವಿನ್ಯಾಸಗಳನ್ನೇ ಹಂಚಿಕೊಂಡಿದ್ದವು. ಆ ವರ್ಷ ಮರೀನ್ ಪಡೆ ತನ್ನದೇ ಆದ ವಿನ್ಯಾಸವನ್ನು ಹೊರತಂದು, ಅದಕ್ಕೆ ಪೇಟೆಂಟ್ ಪಡೆದು, ಬಟ್ಟೆಯ ಚಿತ್ತಾರದೊಳಗೇ ತನ್ನ ಲಾಂಛನವನ್ನು ಸೇರಿಸಿತು. ಮರೆಯಾಗಲೆಂದು ತೊಡುವ ಉಡುಪು ಗುರುತು ಸಾರುವ ಪತಾಕೆಯಾಯಿತು. ಉಳಿದ ಪಡೆಗಳು ಸುಮ್ಮನಿರುವುದುಂಟೆ? ಅಮೆರಿಕ ಕಾಂಗ್ರೆಸ್ಸಿನ ಲೆಕ್ಕ ತಪಾಸಣಾ ಸಂಸ್ಥೆ (ಜಿಎಒ) 2012ರಲ್ಲಿ ನೀಡಿದ ವರದಿಯ ಪ್ರಕಾರ, ಹತ್ತು ವರ್ಷಗಳಲ್ಲಿ ಬಳಕೆಗೆ ಬಂದ ಹೊಸ ಸಮವಸ್ತ್ರಗಳು ಏಳು.

ಇವುಗಳಲ್ಲಿ ಭೂಸೇನೆಯ ಪ್ರಕರಣ ಹೆಚ್ಚು ಕಳವಳಕಾರಿ. ಕಾಡು, ನಗರ, ಮರುಭೂಮಿ ಎಲ್ಲಕ್ಕೂ ಒಂದೇ ಸಾಕೆಂದು ಅದು 2004ರಲ್ಲಿ ಬೂದುಹಸಿರು ಬಣ್ಣದ 'ಸಾರ್ವತ್ರಿಕ' ವಿನ್ಯಾಸವನ್ನು ಪ್ರಕಟಿಸಿತು. ಅದು ಸಮರ್ಪಕ ಪರೀಕ್ಷೆಗೆ ಒಳಪಟ್ಟ ಆಯ್ಕೆಯಾಗಿರಲಿಲ್ಲ. ಆಫ್ಘಾನಿಸ್ತಾನದ ಗುಡ್ಡಗಾಡಿನಲ್ಲಿ ಯೋಧರನ್ನು ಮರೆಮಾಡಲು ಅದು ಸೋತಿತು. ಕಾಂಗ್ರೆಸ್ಸೇ ಮಧ್ಯಪ್ರವೇಶಿಸಿದ ಮೇಲೆ 2010ರಲ್ಲಿ ಅಲ್ಲಿನ ಯೋಧರಿಗೆ ಬೇರೆ ಸಮವಸ್ತ್ರ ದೊರೆಯಿತು. ಇಲ್ಲಿ ಪಣಕ್ಕಿದ್ದುದು ಹಣವಷ್ಟೇ ಅಲ್ಲ, ಗುಂಡಿಗೆ ಎದೆಯೊಡ್ಡಿದವರ ಪ್ರಾಣ. ಸಮವಸ್ತ್ರ ಹಾಗೂ ಅದಕ್ಕೆ ಹೊಂದುವ ರಕ್ಷಾ ಪರಿಕರಗಳನ್ನು ಪೂರ್ಣವಾಗಿ ಬದಲಿಸಲು ಐದು ವರ್ಷಗಳಲ್ಲಿ 400 ಕೋಟಿ ಡಾಲರ್‌ವರೆಗೆ ಬೇಕಾದೀತೆಂದು ಭೂಸೇನೆ ಅಂದಾಜು ಮಾಡಿತ್ತು. ಇನ್ನೊಂದು ಪಡೆಯೊಡನೆ ಕೈಜೋಡಿಸಿದರೆ ಸುಮಾರು 8.2 ಕೋಟಿ ಡಾಲರ್ ಉಳಿಸಬಹುದೆಂದು ಅದೇ ಜಿಎಒ ವರದಿ ಹೇಳಿತು.

ನೌಕಾಪಡೆಯ ನೀಲಿ ಚಿತ್ತಾರದ ಉಡುಪಂತೂ ನಗೆಪಾಟಲಿಗೀಡಾಯಿತು. ಹಡಗಿನಿಂದ ಸಮುದ್ರಕ್ಕೆ ಬಿದ್ದ ನಾವಿಕ ತನ್ನವರ ಕಣ್ಣಿಗೇ ಕಾಣದಂತೆ ಮಾಡುವುದಷ್ಟೇ ಅದರ ಪ್ರಯೋಜನ ಎಂಬುದು ಆ ಪಡೆಯೊಳಗಿನದೇ ಗೇಲಿ. ಆದರೆ ನೈಲಾನ್ ಬೆರೆತ ಆ ಬಟ್ಟೆ ಬೆಂಕಿಗೆ ಸಿಕ್ಕರೆ ಕರಗಿ ಉರಿಯುತ್ತದೆಂದು 2012ರಲ್ಲಿ ಪರೀಕ್ಷೆಯಿಂದ ತಿಳಿದಾಗ ಅದು ನಗುವ ಸಂಗತಿಯಾಗಿ ಉಳಿಯಲಿಲ್ಲ. ಅದು ಪೂರ್ಣವಾಗಿ ನಿವೃತ್ತಿಯಾದದ್ದು 2019ರಲ್ಲಿ.

ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ ಎಂಬ ನಮ್ಮ ಗಾದೆಗೆ ಅಮೆರಿಕ ಮತ್ತೊಂದು ನಿದರ್ಶನವನ್ನೂ ಒದಗಿಸಿದೆ. ಅದರ ಹಣದಿಂದಲೇ ನಡೆಯುತ್ತಿದ್ದ ಅಫ್ಘನ್ ಸೇನೆಗೆ, ಅಲ್ಲಿನ ರಕ್ಷಣಾ ಸಚಿವರು ಮೆಚ್ಚಿದರೆಂಬ ಕಾರಣಕ್ಕೆ, ಖಾಸಗಿ ಸ್ವಾಮ್ಯದ ಕಾಡುಬಣ್ಣದ ವಿನ್ಯಾಸವನ್ನು ಕೊಳ್ಳಲಾಯಿತು. ಆ ದೇಶದಲ್ಲಿ ಅರಣ್ಯವಿರುವುದು ಶೇ 2.1ರಷ್ಟು ಭೂಮಿಯಲ್ಲಿ ಮಾತ್ರ! ಇದರಿಂದಾದ ಹೆಚ್ಚುವರಿ ಹೊರೆ 2.8 ಕೋಟಿ ಡಾಲರ್‌ವರೆಗೆ ಇರಬಹುದೆಂದು 2017ರಲ್ಲಿ ಅಮೆರಿಕದ ವಿಶೇಷ ತಪಾಸಣಾಧಿಕಾರಿ ವರದಿ ಮಾಡಿದರು. ನಾಲ್ಕು ವರ್ಷಗಳ ತರುವಾಯ ಆ ಸೇನೆಯೇ ಕುಸಿದುಬಿತ್ತು.

ಅಮೆರಿಕ ತಿದ್ದಿಕೊಂಡಿಲ್ಲವೆಂದಲ್ಲ. ಪಡೆಗೊಂದು ಹೊಸ ವಿನ್ಯಾಸ ರೂಪಿಸುವುದಕ್ಕೆ 2013ರ ಕಾನೂನು ಕಡಿವಾಣ ಹಾಕಿತು. ಭೂಸೇನೆ 2015ರಲ್ಲಿ ಅಳವಡಿಸಿಕೊಂಡ ವಿನ್ಯಾಸವನ್ನೇ ವಾಯುಪಡೆ 2018ರಿಂದ ಒಪ್ಪಿಕೊಂಡಿತು. ಬಳಿಕ ಬಂದ ಬಾಹ್ಯಾಕಾಶ ಪಡೆಯೂ ಅದನ್ನೇ ಧರಿಸುತ್ತಿದೆ. ಮರೀನ್ ಪಡೆ ಮಾತ್ರ ತನ್ನ ಹಟ ಬಿಟ್ಟಿಲ್ಲ. ಪಡೆಯ ಪರಂಪರೆ, ಸ್ಥೈರ್ಯಗಳ ದೃಷ್ಟಿಯಿಂದ ಪ್ರತ್ಯೇಕ ಉಡುಪು ಅಗತ್ಯವೆಂಬ ವಾದವನ್ನು ತೀರ ತಳ್ಳಿಹಾಕಲಾಗದು. ಆದರೆ ಆ ಹೆಮ್ಮೆಗೆ ಕವಾಯತಿನ ಉಡುಪು, ಭುಜದ ಪಟ್ಟಿ, ಟೋಪಿಗಳಿವೆ. ರಣರಂಗದ ಉಡುಪಿಗೂ ಅದು ಹಬ್ಬಬೇಕಿಲ್ಲ.

ನಮ್ಮಲ್ಲಿ ಭೂಸೇನೆ 2022ರ ಜನವರಿ 15ರಂದು, ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಯ ನೆರವಿನಿಂದ ರೂಪಿಸಿದ ಹೊಸ ಸಮರ ಸಮವಸ್ತ್ರವನ್ನು ಅನಾವರಣಗೊಳಿಸಿತು. ಅದೇ ಅಕ್ಟೋಬರ್ 8ರಂದು ವಾಯುಪಡೆ ತನ್ನದೇ ಹೊಸ ಉಡುಪನ್ನು ಪ್ರದರ್ಶಿಸಿತು. ಖರೀದಿಯಲ್ಲಿ ಮೂರೂ ಪಡೆಗಳ ನಡುವೆ ಏಕಸೂತ್ರತೆ ತರುವ ಹೊಣೆಯನ್ನು ರಕ್ಷಣಾ ಪಡೆಗಳ ಮುಖ್ಯಸ್ಥರ ನೇತೃತ್ವದ ಸೇನಾ ವ್ಯವಹಾರಗಳ ಇಲಾಖೆಗೆ ಒಪ್ಪಿಸಿ ಆಗಲೇ ಎರಡು ವರ್ಷ ಕಳೆದಿತ್ತು. ಕ್ಷಿಪಣಿ, ಯುದ್ಧವಿಮಾನಗಳ ವಿಷಯದಲ್ಲಿ ಒಮ್ಮತ ಕಷ್ಟವಿರಬಹುದು. ಅಂಗಿ, ಷರಾಯಿಯ ವಿಷಯದಲ್ಲಿ ಏಕೆ ಕಷ್ಟ? ಎರಡೂ ವಿನ್ಯಾಸಗಳನ್ನು ಒಂದೇ ನೆಲದಲ್ಲಿ ಅಕ್ಕಪಕ್ಕ ಪರೀಕ್ಷಿಸಿ, ಫಲಿತಾಂಶವನ್ನೂ ತಗಲುವ ವೆಚ್ಚವನ್ನೂ ರಕ್ಷಣಾ ಸಚಿವಾಲಯ ಸಂಸತ್ತಿನ ಸ್ಥಾಯಿ ಸಮಿತಿಯ ಮುಂದಿಡಬೇಕು. ಮುಂದಿನ ಖರೀದಿ ಆದೇಶಕ್ಕೆ ಸಹಿ ಬೀಳುವ ಮುನ್ನವೇ ಈ ಕೆಲಸ ಆಗಬೇಕು.