ದೀಪಾವಳಿಗೆ ಊರಿಗೆ ಹೊರಡುವ ಮುನ್ನ

ಅಹಮದಾಬಾದ್, ವಡೋದರಾ, ಸೂರತ್‌ನ ಕನ್ನಡ ಬಂಧುಗಳೇ,

ನಮ್ಮ ಮೂರೂ ಊರುಗಳನ್ನು ಪೋಣಿಸುವ ರಾಷ್ಟ್ರೀಯ ಹೆದ್ದಾರಿ 48, ಹಾಗೇ ದಕ್ಷಿಣಕ್ಕೆ ಸಾಗಿ ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ ಹಾದು ಬೆಂಗಳೂರು ಮುಟ್ಟುತ್ತದೆ. ನಮಗೆ ಅದು ತವರಿನ ದಾರಿ. ದೀಪಾವಳಿಗೆ ಇಲ್ಲಿನ ಅಂಗಡಿಗಳು ಲಾಭಪಂಚಮಿವರೆಗೆ ಬಾಗಿಲು ಹಾಕಿದ ಕೂಡಲೇ ನಾವು ಕಾರು ಹತ್ತುತ್ತೇವೆ. ಡಿಕ್ಕಿಯಲ್ಲಿ ಖಾಖ್ರಾ ಪೊಟ್ಟಣ, ಹಿಂದಿನ ಸೀಟಿನಲ್ಲಿ ಅಜ್ಜಿ, ಅಜ್ಜಿಯ ಮಡಿಲಲ್ಲಿ ವರ್ಷದ ಕೂಸು.

ನಾನೂ ಹಾಗೇ ಹೊರಟವನು. "ನನ್ನ ಮಡ್ಲಾಗ ಇರ್ಲಿ ಬಿಡೋ, ಆ ಪ್ಲಾಸ್ಟಿಕ್ ಕುರ್ಚ್ಯಾಗ ಕೂಸು ಅಳ್ತದ" ಎಂದಳು ಅವ್ವ. ಭರೂಚ್ ಹತ್ತಿರ ಮುಂದಿನ ಲಾರಿ ಗಕ್ಕನೆ ನಿಂತಿತು, ನಾನೂ ಬ್ರೇಕ್ ತುಳಿದೆ. ಯಾವುದಕ್ಕೂ ತಾಗಲಿಲ್ಲ. ಆದರೆ ಮಗಳು ಅವ್ವನ ಕೈಯಿಂದ ಜಾರಿ ಮುಂದಿನ ಸೀಟಿನ ಬೆನ್ನಿಗೆ ಬಡಿದು ತುಟಿ ಒಡೆದುಕೊಂಡಳು. ಬರೀ ಬ್ರೇಕಿಗೆ ಇಷ್ಟು. ಗಂಟೆಗೆ 50 ಕಿ.ಮೀ. ವೇಗದಲ್ಲಿ ಡಿಕ್ಕಿಯಾದರೆ ಅದು ಮೂರನೇ ಮಹಡಿಯಿಂದ ಬಿದ್ದ ಹಾಗೆ. 10 ಕೆಜಿಯ ಕೂಸನ್ನು ಆ ಕ್ಷಣ ಹಿಡಿದಿಡುವುದೆಂದರೆ 25 ಕೆಜಿಯ ಹತ್ತು ಅಕ್ಕಿ ಮೂಟೆಗಳನ್ನು ಒಟ್ಟಿಗೇ ತಡೆದ ಹಾಗೆ. ಅವ್ವನ ಪ್ರೀತಿಗೆ ಕೊರತೆಯಿಲ್ಲ, ತೋಳಿಗೆ ಅಷ್ಟು ಬಲವಿಲ್ಲ.

ಹಿಂದೆ ಕೂತರೆ ಏನೂ ಆಗದು ಎನ್ನುವವರು 2022ರ ಸೆಪ್ಟೆಂಬರ್ 4 ನೆನಪಿಸಿಕೊಳ್ಳಿ. ಇದೇ ರಸ್ತೆಯಲ್ಲಿ, ಗುಜರಾತ್ ಗಡಿಯಾಚೆ ಪಾಲ್ಘರ್ ಜಿಲ್ಲೆಯ ಚಾರೋಟಿ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ಇದ್ದ ಕಾರು ಸೇತುವೆಯ ಗೋಡೆಗೆ ಬಡಿಯಿತು. ಮುಂದೆ ಕೂತ ಇಬ್ಬರೂ ಬದುಕಿದರು. ಹಿಂದಿದ್ದ ಇಬ್ಬರು ಉಳಿಯಲಿಲ್ಲ. ಅವರು ಬೆಲ್ಟ್ ಹಾಕಿರಲಿಲ್ಲ ಎಂದರು ಪೊಲೀಸರು. ಕಾನೂನಿನ ಮಾತಿಗೆ ಬಂದರೆ, ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ 194ಬಿ ಕಲಮಿನಲ್ಲಿ 14 ತುಂಬದ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಕಡ್ಡಾಯ. ಅದಕ್ಕಾಗಿ ಯಾರನ್ನಾದರೂ ನಿಲ್ಲಿಸಿದ್ದನ್ನು ನಾನಂತೂ ನೋಡಿಲ್ಲ.

ಕೊಳ್ಳುವುದಾದರೆ ಕನ್ವರ್ಟಿಬಲ್ ಸೀಟು ಕೊಳ್ಳಿ: ಮೊದಲು ಮಗುವಿನ ಮುಖ ಕಾರಿನ ಹಿಂಬದಿಗೆ, ಬೆಳೆದ ಮೇಲೆ ಮುಂದಕ್ಕೆ. ಎಳೆಮಕ್ಕಳ ತಲೆ ಭಾರ, ಕುತ್ತಿಗೆ ಹೂವಿನ ದಂಟು. ಹಿಮ್ಮುಖವಾಗಿ ಕೂತಾಗ ಹೊಡೆತವನ್ನು ಸೀಟಿನ ಬೆನ್ನು ತಾಳಿಕೊಳ್ಳುತ್ತದೆ. ವರ್ಷ ತುಂಬಿತೆಂದು ತಿರುಗಿಸುವ ಅವಸರ ಬೇಡ. ಯುರೋಪಿನ ಹೊಸ ನಿಯಮ ಆರ್129ರ ಪ್ರಕಾರ 15 ತಿಂಗಳವರೆಗೆ ಹಿಮ್ಮುಖ ಕಡ್ಡಾಯ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ, ಸೀಟಿನ ತೂಕ, ಎತ್ತರದ ಮಿತಿ ಮುಟ್ಟುವವರೆಗೂ ಹಾಗೇ ಇರಲಿ ಎನ್ನುತ್ತದೆ. ಕಾಲು ಮಡಚಿಕೊಳ್ಳುತ್ತದೆ ಎಂಬ ಚಿಂತೆಯೇ? ಚಕ್ಕಳಮಕ್ಕಳ ಕೂತು ಉಣ್ಣುವ ಮಕ್ಕಳು ನಮ್ಮವು.

ಇಲ್ಲೇ ಅನೇಕರು ಮೋಸ ಹೋಗುವುದು. ಪೆಟ್ಟಿಗೆ ಮೇಲೆ '0–18 ಕೆಜಿ' ಎಂದು ದಪ್ಪಕ್ಷರದಲ್ಲಿರುತ್ತದೆ, ಒಳಗಿನ ಕೈಪಿಡಿ ತೆರೆದರೆ ಹಿಮ್ಮುಖಕ್ಕೆ 13 ಕೆಜಿಯೇ ಮಿತಿ. ನೀವು ಕೇಳಬೇಕಾದದ್ದು ಆ ಎರಡನೇ ಅಂಕಿ. ಬಣ್ಣ, ಬಟ್ಟೆ, ಲೋಟ ಇಡುವ ಜಾಗ ಆಮೇಲೆ. ಸೀಟಿನ ಹಿಂದೆ ಹಳೆಯ ನಿಯಮದ ಆರ್44/04 ಅಥವಾ ಹೊಸ ಆರ್129 ಎಂಬ ಕಿತ್ತಳೆ ಬಣ್ಣದ ಚೀಟಿ ಇದೆಯೇ ನೋಡಿ.

ಕಾರನ್ನು ಅಂಗಡಿಗೇ ಒಯ್ಯಿರಿ. ಹಿಂದಿನ ಸೀಟಿನ ಸಂದಿಗೆ ಕೈ ಹಾಕಿದರೆ ಮಕ್ಕಳ ಸೀಟು ಸಿಕ್ಕಿಸುವ ಐಸೋಫಿಕ್ಸ್‌ನ ಎರಡು ಉಕ್ಕಿನ ಕೊಂಡಿ ಸಿಗಬಹುದು. ಸಾನಂದ್, ಹಾಲೋಲ್‌ನಲ್ಲೇ ತಯಾರಾಗುವ ಹೊಸ ಕಾರುಗಳಲ್ಲಿ ಇದು ಸಾಮಾನ್ಯ. ಹಳೆಯ ಕಾರಾದರೆ ಬೆಲ್ಟಿನಿಂದಲೇ ಬಿಗಿಯಬೇಕು, ಕೆಲವೊಮ್ಮೆ ಬೆಲ್ಟಿನ ಉದ್ದ ಸಾಲುವುದಿಲ್ಲ. ಸೀಟು ಹಿಮ್ಮುಖವಾಗಿಟ್ಟರೆ ಮುಂದಿನ ಸೀಟು ಸರಿಸಬೇಕಾಗುತ್ತದೆ, ಉದ್ದ ಕಾಲಿನವರು ಡ್ರೈವ್ ಮಾಡುವಾಗ ಅದು ಸಣ್ಣ ಮಾತಲ್ಲ. ಕಟ್ಟಿದ ಮೇಲೆ ಬುಡ ಹಿಡಿದು ಅಲ್ಲಾಡಿಸಿ, ಒಂದು ಅಂಗುಲಕ್ಕಿಂತ ಹೆಚ್ಚು ಸರಿಯಬಾರದು. ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಹಿಮ್ಮುಖವಾಗಿ ಖಂಡಿತ ಇಡಬೇಡಿ, ಅದು ಉಬ್ಬಿದರೆ ಮಗುವಿನ ತಲೆಗೇ ಬಡಿಯುತ್ತದೆ. ಮೇ ತಿಂಗಳಲ್ಲಿ ಬಕಲ್ ಕಾದ ಹೆಂಚು. ನಿಲ್ಲಿಸಿದಾಗ ಮೇಲೊಂದು ಹತ್ತಿ ಬಟ್ಟೆ ಹೊದಿಸಿ.

ನಮ್ಮ ಸಂಘಗಳಲ್ಲಿ ನನ್ನದೊಂದು ಬೇಡಿಕೆ. ಗಣೇಶನ ಹಬ್ಬಕ್ಕೆ ಎಲ್ಲರೂ ಸೇರುತ್ತೇವೆ. ಊಟವಾದ ಮೇಲೆ ಒಂದು ಗಂಟೆ, ಕಾರು ನಿಲ್ಲಿಸುವ ಜಾಗದಲ್ಲಿ, ಸೀಟು ಇರುವವರು ಕಟ್ಟಿ ತೋರಿಸಲಿ, ಅಜ್ಜಿಯಂದಿರೂ ಒಮ್ಮೆ ಬಕಲ್ ಹಾಕಿ ತೆಗೆಯಲಿ. ಮಕ್ಕಳು ಬೆಳೆದ ಮನೆಯವರು ಸೀಟನ್ನು ಇನ್ನೊಬ್ಬರಿಗೆ ದಾಟಿಸಲಿ. ಅಪಘಾತ ಕಂಡ ಸೀಟಾದರೆ ಮಾತ್ರ ಬೇಡ. ನನ್ನ ಮಗಳದು ಅಟ್ಟದ ಮೇಲಿದೆ. ಡಿಕ್ಕಿ ಕಂಡಿಲ್ಲ, ಕೈಪಿಡಿ ಜೊತೆಗಿದೆ, ಬಾಳಿಕೆಯ ಅವಧಿ ಮುಗಿಯಲು ಇನ್ನೂ ಎರಡು ವರ್ಷ ಇದೆ. ಅವ್ವ ಕವರ್ ಒಗೆದು ಇಟ್ಟಿದ್ದಾಳೆ. ಬೇಕಾದವರು ಹಬ್ಬದ ದಿನ ಕೇಳಿ.